ತೋಳ, ದೆವ್ವ, ಪ್ರೀತಿ: ಹದಿಹರೆಯದವರ ಪ್ಯಾರಾನಾರ್ಮಲ್ ರೊಮ್ಯಾನ್ಸ್ ಹುಡುಕುವುದು ಹೇಗೆ, ಅದರ ಬಗ್ಗೆ ಬರೆಯುವುದು ಹೇಗೆ

ಅಕ್ಕನ ಮಗಳು ಹತ್ತನೇ ಕ್ಲಾಸ್. ಪರೀಕ್ಷೆ ಮುಗಿದ ದಿನವೇ ಫೋನ್ ಮಾಡಿದಳು. "ಚಿಕ್ಕಿ, ನಂಗೊಂದು ಪುಸ್ತಕ ಬೇಕು. ವ್ಯಾಂಪೈರೋ ದೆವ್ವವೋ ಇರಬೇಕು, ಲವ್ ಇರಬೇಕು, ಹಳೇದು ಮಾತ್ರ ಬೇಡ." ಇಷ್ಟೇ ತಾನೇ ಅಂತ ನಾನು ಆನ್‌ಲೈನಲ್ಲಿ ಮುಖಪುಟ ನೋಡಿ ಒಂದನ್ನು ತರಿಸಿದೆ. ನೇರಳೆ ಬಣ್ಣ, ಅರ್ಧಚಂದ್ರ, ಸುತ್ತ ಬಳ್ಳಿ, ಥೇಟ್ ಮಕ್ಕಳ ಪುಸ್ತಕದ ಹಾಗೆ. ಕೊಡುವ ಮೊದಲು ಸುಮ್ನೆ ಮಧ್ಯದಲ್ಲಿ ಒಂದು ಕಡೆ ತೆರೆದು ಎರಡು ಪುಟ ಓದಿದೆ. ಮುಚ್ಚಿಟ್ಟೆ. ಅದು ಪಕ್ಕಾ ದೊಡ್ಡವರ ಪುಸ್ತಕ. ಈಗ ನನ್ನ ಕಪಾಟಿನ ಹಿಂದಿನ ಸಾಲಿನಲ್ಲಿದೆ (ನಾನು ಓದಿ ಮುಗಿಸಿದೆ, ಅದು ಬೇರೆ ಮಾತು).

ಆಮೇಲೆ ಗೊತ್ತಾಗಿದ್ದು, ಇದು ನನ್ನೊಬ್ಬಳ ಕಥೆ ಅಲ್ಲ ಅಂತ. ಮಕ್ಕಳು ಇನ್‌ಸ್ಟಾಗ್ರಾಂನಲ್ಲಿ ನೋಡಿ ಪುಸ್ತಕದ ಹೆಸರು ಹೇಳುತ್ತಾರೆ. ತರಿಸಿಕೊಡುವ ಅಪ್ಪ ಅಮ್ಮನಿಗೆ ಅದೇನು ಅಂತ ಗೊತ್ತಿರುವುದಿಲ್ಲ. ಕೆಲವು ಮಕ್ಕಳು ಓದಿದ್ದರ ಬಗ್ಗೆ ತಾವೇ ಬರೆಯಲೂ ಶುರು ಮಾಡಿದ್ದಾರೆ. ಹಾಗಾಗಿ ಬುಡದಿಂದ ನೋಡೋಣ.

ಹೆಸರಿನಲ್ಲಿರುವ ಮೂರು ಪದ

ಯಂಗ್ ಅಡಲ್ಟ್, ಚಿಕ್ಕದಾಗಿ ವೈ.ಎ., ಅಂದರೆ ಸುಮಾರು 12ರಿಂದ 18 ವರ್ಷದವರಿಗಾಗಿ ಬರೆದದ್ದು. ಓದುವವರ ವಯಸ್ಸಿನಷ್ಟೇ ಮುಖ್ಯವಾದದ್ದು ಕಥೆ ಹೇಳುವವರ ವಯಸ್ಸು. ನಾಯಕಿಗೆ ಹದಿನಾರೋ ಹದಿನೇಳೋ ಇರುತ್ತದೆ, ನಾಳೆ ಏನಾಗುತ್ತದೆ ಅನ್ನುವುದು ಅವಳಿಗೂ ಗೊತ್ತಿರುವುದಿಲ್ಲ. ನಲವತ್ತರ ಹೆಂಗಸೊಬ್ಬಳು ಹಿಂತಿರುಗಿ ನೋಡಿ "ಆಗ ನಾನೆಂಥ ಪೆದ್ದಿ ಆಗಿದ್ದೆ" ಅಂತ ನೆನೆಯುವ ಕಾದಂಬರಿ ಅದೇ ವಯಸ್ಸಿನ ಹುಡುಗಿಯ ಬಗ್ಗೆ ಇದ್ದರೂ ಅದನ್ನು ವೈ.ಎ. ಅನ್ನುವುದು ಕಷ್ಟ.

ಪ್ಯಾರಾನಾರ್ಮಲ್ ಅಂದರೆ ನಮ್ಮದೇ ಲೋಕ, ಅದರಲ್ಲೊಂದು ಬಿರುಕು. ಶಾಲೆ ಇದೆ, ಗಣಿತದ ಟೆಸ್ಟ್ ಇದೆ, ಅಮ್ಮನ ಬೈಗುಳ ಇದೆ, ಆದರೆ ಹಿಂದಿನ ಬೆಂಚಿನ ಹುಡುಗ ಸತ್ತು ನೂರು ವರ್ಷ ಆಗಿದೆ. ಫ್ಯಾಂಟಸಿಯಲ್ಲಿ ಸಾಮಾನ್ಯವಾಗಿ ಲೋಕವೇ ಬೇರೆ, ರಾಜ್ಯ ಬೇರೆ, ದೇವರು ಬೇರೆ. ಪುಸ್ತಕ ತೆರೆದ ಕೂಡಲೇ ಭೂಪಟ ಸಿಕ್ಕರೆ ಅದು ಹೆಚ್ಚಾಗಿ ಫ್ಯಾಂಟಸಿ. ಇದು ನಿಯಮವೇನಲ್ಲ, ಅಂಗಡಿಯಲ್ಲಿ ನಿಂತಾಗ ಉಪಯೋಗಕ್ಕೆ ಬರುವ ಗುರುತು.

ಮೂರನೆಯದು ರೊಮ್ಯಾನ್ಸ್. ಕಥೆಯಲ್ಲಿ ಪ್ರೀತಿ ಬಂದ ಮಾತ್ರಕ್ಕೆ ಅದು ರೊಮ್ಯಾನ್ಸ್ ಆಗುವುದಿಲ್ಲ. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಎರಡೇ ಷರತ್ತು ಹೇಳುತ್ತದೆ: ಕಥೆಯ ನಡುಗಂಬ ಪ್ರೀತಿಯೇ ಆಗಿರಬೇಕು, ಕೊನೆ ಮನಸ್ಸಿಗೆ ಸಮಾಧಾನ ಕೊಟ್ಟು ಭರವಸೆ ಉಳಿಸಬೇಕು. ವೈ.ಎ.ಯಲ್ಲಿ ಎರಡನೇ ಷರತ್ತು ಸ್ವಲ್ಪ ಸಡಿಲ, ಯಾಕೆಂದರೆ ಹದಿನೇಳಕ್ಕೇ ಜೀವನಪೂರ್ತಿ ಜೊತೆ ಅಂದರೆ ಓದುವವರಿಗೇ ನಂಬಿಕೆ ಬರುವುದಿಲ್ಲ.

ಮೂರೂ ಸೇರಿದೆಯಾ ಅಂತ ನೋಡಲು ನನಗೊಂದು ಸುಲಭದ ಪರೀಕ್ಷೆ ಇದೆ. ದೆವ್ವವನ್ನು ತೆಗೆದುಬಿಡಿ, ಕಥೆ ನಿಲ್ಲುತ್ತಾ? ಪ್ರೀತಿಯನ್ನು ತೆಗೆದುಬಿಡಿ, ಆಗ ನಿಲ್ಲುತ್ತಾ? ಎರಡೂ ಸಲ ಕುಸಿದರೆ ಅದು ಪ್ಯಾರಾನಾರ್ಮಲ್ ರೊಮ್ಯಾನ್ಸ್. ಗಿರೀಶ ಕಾರ್ನಾಡರ 'ನಾಗಮಂಡಲ' ನಾಟಕವನ್ನೇ ತೆಗೆದುಕೊಳ್ಳಿ. ಗಂಡನಿಗೆ ಕೊಡಬೇಕಿದ್ದ ಮದ್ದು ಹುತ್ತಕ್ಕೆ ಬಿದ್ದು, ನಾಗ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ. ನಾಗನನ್ನು ತೆಗೆದರೆ ಉಳಿಯುವುದು ಬೀಗ ಹಾಕಿದ ಮನೆ. ಪ್ರೀತಿಯನ್ನು ತೆಗೆದರೆ ಉಳಿಯುವುದು ಬರೀ ಹಾವು. ಪರೀಕ್ಷೆಯಲ್ಲಿ ಪಾಸು, ಆದರೂ ವೈ.ಎ. ಅಲ್ಲ. ಅದು ಮದುವೆಯಾದ ಹೆಣ್ಣಿನ ಕಥೆ, ದೊಡ್ಡವರಿಗೆ ಬರೆದದ್ದು.

ಹೆದರಿಸುತ್ತಿದ್ದವನು ಹೀರೋ ಆದದ್ದು

ವ್ಯಾಂಪೈರ್ ಅಂದರೆ ಸತ್ತ ಮೇಲೂ ರಕ್ತ ಹೀರುತ್ತಾ ಬದುಕುವವನು. 1897ರಲ್ಲಿ ಬ್ರಾಮ್ ಸ್ಟೋಕರ್ ಡ್ರಾಕುಲಾ ಅನ್ನುವ ವ್ಯಾಂಪೈರನ್ನು ಬರೆದಾಗ ಅವನು ಓಡಿಸಬೇಕಾದ ಪಿಡುಗು. 1976ರಲ್ಲಿ ಆನ್ ರೈಸ್ ವ್ಯಾಂಪೈರ್ ಬಾಯಿಂದಲೇ ಅವನ ಕಥೆ ಹೇಳಿಸಿದರು. ಕೇಳಿದವರಿಗೆ ಅಯ್ಯೋ ಪಾಪ ಅನ್ನಿಸಿತು. 1991ರಲ್ಲಿ ಎಲ್. ಜೆ. ಸ್ಮಿತ್ ಅವರ 'ದಿ ವ್ಯಾಂಪೈರ್ ಡೈರೀಸ್' ಅವನನ್ನು ಹೈಸ್ಕೂಲಿಗೆ ಸೇರಿಸಿತು. ಭಯ, ಕನಿಕರ, ಆಮೇಲೆ ಪ್ರೀತಿ. ಇಷ್ಟಕ್ಕೆ ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತು.

ಪ್ರವಾಹ ಬಂದದ್ದು 2005ರಲ್ಲಿ. ಸ್ಟೆಫನಿ ಮೇಯರ್ ಅವರಿಗೆ 2003ರ ಜೂನ್‌ನಲ್ಲಿ ಒಂದು ಕನಸು ಬಿತ್ತಂತೆ, ಒಬ್ಬ ಹುಡುಗಿ, ಒಬ್ಬ ವ್ಯಾಂಪೈರ್, ಕಾಡಿನ ನಡುವೆ ಹುಲ್ಲುಗಾವಲು. ಅದೇ 'ಟ್ವೈಲೈಟ್' ಆಯಿತು. ಬಿಸಿಲಿಗೆ ಬರಲಾಗದ ಪಾತ್ರಗಳಿಗೆ ಮೋಡ ಮುಸುಕಿದ ಊರು ಬೇಕು. ಅಮೆರಿಕದಲ್ಲಿ ಜಾಸ್ತಿ ಮಳೆ ಬೀಳುವ ಜಾಗ ಯಾವುದು ಅಂತ ಅವರು ಹುಡುಕಿದರು, ವಾಷಿಂಗ್ಟನ್ ರಾಜ್ಯದ ಫೋರ್ಕ್ಸ್ ಸಿಕ್ಕಿತು. ನಮ್ಮ ಕಡೆಯ ಲೇಖಕಿ ಆಗಿದ್ದರೆ ಕಥೆ ಆಗುಂಬೆಯಲ್ಲಿ ನಡೆಯುತ್ತಿತ್ತು, ಅಲ್ವಾ? ಮರ ಕಡಿಯುವ ಕೆಲಸಕ್ಕೆ ಹೆಸರಾಗಿದ್ದ ಆ ಪುಟ್ಟ ಊರಿಗೆ ಈಗಲೂ ಓದುಗರು ಯಾತ್ರೆ ಹೋಗುತ್ತಾರೆ.

ಆಮೇಲೆ ಸಾಲು ಸಾಲು. 2007ರಲ್ಲಿ ಕಸಾಂಡ್ರಾ ಕ್ಲೇರ್ ಅವರ 'ಸಿಟಿ ಆಫ್ ಬೋನ್ಸ್', ರಿಷೆಲ್ ಮೀಡ್ ಅವರ 'ವ್ಯಾಂಪೈರ್ ಅಕಾಡೆಮಿ'. 2009ರಲ್ಲಿ ಸ್ವರ್ಗದಿಂದ ಬಿದ್ದ ದೇವದೂತರ ಸರದಿ, ಅದೇ ವರ್ಷ ಮ್ಯಾಗಿ ಸ್ಟೀಫ್‌ವೇಟರ್ ಅವರ ತೋಳದ ಹುಡುಗ. ಅಷ್ಟರಲ್ಲಿ ಓದುಗರಿಗೆ ಸಾಕಾಯಿತು. 2008ರಲ್ಲಿ ಬಂದ 'ದಿ ಹಂಗರ್ ಗೇಮ್ಸ್' ಹೊಸ ದಾರಿ ತೋರಿಸಿತ್ತು, ಎಲ್ಲರೂ ಕ್ರೂರ ಸರ್ಕಾರಗಳ ಕಥೆಯ ಕಡೆ ತಿರುಗಿದರು.

2020ರ ಹೊತ್ತಿಗೆ ಮತ್ತೆ ಗಾಳಿ ಬೀಸಿತು. ಲಾಕ್‌ಡೌನ್‌ನಲ್ಲಿ ಕೂತ ಹುಡುಗಿಯರು ಟಿಕ್‌ಟಾಕ್‌ನಲ್ಲಿ ಪುಸ್ತಕ ಹಿಡಿದು ಅಳಲು ಶುರು ಮಾಡಿದರು, ಅದಕ್ಕೆ ಬುಕ್‌ಟಾಕ್ ಅಂತ ಹೆಸರೂ ಬಿತ್ತು. ನಮ್ಮಲ್ಲಿ ಅದೇ ವರ್ಷ ಟಿಕ್‌ಟಾಕ್ ನಿಂತುಹೋಯಿತು, ಹಾಗಾಗಿ ನಮ್ಮ ಮಕ್ಕಳಿಗೆ ಆ ಅಲೆ ತಲುಪುವುದು ರೀಲ್ಸ್ ಮೂಲಕ. ಈ ಸಲ ಬಂದ ದೆವ್ವಗಳು ಬೇರೆ. ಏಡನ್ ಥಾಮಸ್ ಅವರ 'ಸೆಮೆಟರಿ ಬಾಯ್ಸ್' ನೋಡಿ. ಲಾಸ್ ಏಂಜಲೀಸ್‌ನಲ್ಲಿರುವ ಲ್ಯಾಟಿನ್ ಅಮೆರಿಕ ಮೂಲದ ಮನೆತನ, ಸತ್ತವರನ್ನು ದಾಟಿಸುವ ವಿದ್ಯೆ ಆ ಮನೆಯವರದು. ಅಲ್ಲಿನ ಒಬ್ಬ ಟ್ರಾನ್ಸ್ ಹುಡುಗ (ಹುಟ್ಟಿದಾಗ ಹೆಣ್ಣು ಅಂದಿದ್ದರು, ಅವನು ಹುಡುಗ) ತನ್ನನ್ನು ಮನೆಯವರು ಒಪ್ಪಲಿ ಅಂತ ಒಂದು ಆತ್ಮವನ್ನು ಕರೆಯುತ್ತಾನೆ. ಕರೆದದ್ದು ಒಬ್ಬರನ್ನು, ಬಂದದ್ದು ಶಾಲೆಯ ಪುಂಡ ಹುಡುಗನ ದೆವ್ವ, ಬಂದವನು ಹೋಗಲು ಒಪ್ಪುವುದಿಲ್ಲ. ಪಿತೃಪಕ್ಷ ಮಾಡುವ ನಮಗೆ ಅವರ ಸತ್ತವರ ಹಬ್ಬ ಅರ್ಥವಾಗಲು ಅಡಿಟಿಪ್ಪಣಿ ಬೇಕಾಗುವುದಿಲ್ಲ.

ಪ್ರೀತಿಗೆ ದೆವ್ವವೇ ಯಾಕೆ?

ಪ್ರೇಮಕಥೆಗೆ ಒಂದು ಅಡ್ಡಗೋಡೆ ಬೇಕು. ಗೋಡೆ ಇಲ್ಲದಿದ್ದರೆ ಮೂರನೇ ಪುಟಕ್ಕೇ ಕಥೆ ಮುಗಿಯುತ್ತದೆ. ನಮ್ಮ ಹಳೆಯ ಧಾರಾವಾಹಿ ಕಾದಂಬರಿಗಳಲ್ಲಿ ಆ ಗೋಡೆ ಜಾತಿ, ಅಂತಸ್ತು, ಅತ್ತೆ. ಇವತ್ತಿನ ಅಮೆರಿಕದ ಹೈಸ್ಕೂಲಿನಲ್ಲಿ ಇಬ್ಬರು ಪ್ರೀತಿಸಿದರೆ ತಡೆಯುವವರು ಕಮ್ಮಿ. ಹಾಗಾಗಿ ಲೇಖಕರು ಗೋಡೆಯನ್ನು ಬೇರೆ ಕಡೆಯಿಂದ ತರುತ್ತಾರೆ: ಅವನು ಸಾಯುವುದಿಲ್ಲ, ಅವಳು ಸಾಯುತ್ತಾಳೆ. ಅಥವಾ ಅವನು ಈಗಾಗಲೇ ಸತ್ತಿದ್ದಾನೆ.

ಇನ್ನೊಂದು ಕಾರಣ ಆ ವಯಸ್ಸೇ. ಮೈ ಬದಲಾಗುತ್ತಿದೆ, ಸಿಟ್ಟು ಎಲ್ಲಿಂದ ಬರುತ್ತದೆ ಗೊತ್ತಿಲ್ಲ, ಮನೆಯವರಿಗೆ ಹೇಳಲಾಗದ ಗುಟ್ಟುಗಳಿವೆ. ಹುಣ್ಣಿಮೆಗೆ ತೋಳವಾಗುವ ಹುಡುಗನ ಪಾಡು ಹದಿನೈದರವರಿಗೆ ವಿವರಿಸಬೇಕಾಗಿಯೇ ಇಲ್ಲ. ದೊಡ್ಡವರು ನಗುತ್ತಾರೆ, ಅಷ್ಟೇ.

ಹೊಸದನ್ನು ಹುಡುಕುವುದು

ಮೊದಲು ವಯಸ್ಸಿನ ವಿಷಯ ಮುಗಿಸೋಣ, ನಾನು ಜಾರಿದ್ದು ಅಲ್ಲೇ. ಈಚೆಗೆ ರೊಮ್ಯಾಂಟಸಿ ಅನ್ನುವ ಪದ ಎಲ್ಲೆಲ್ಲೂ ಇದೆ, ರೊಮ್ಯಾನ್ಸ್ ಮತ್ತು ಫ್ಯಾಂಟಸಿ ಸೇರಿಸಿ ಮಾಡಿದ್ದು. ಅದರಲ್ಲಿ ದೊಡ್ಡ ಹೆಸರು ಮಾಡಿದ ಬಹಳಷ್ಟು ಪುಸ್ತಕ ದೊಡ್ಡವರಿಗೆ ಬರೆದದ್ದು, ಮುಖಪುಟ ಮಾತ್ರ ಮಕ್ಕಳದ್ದರ ಹಾಗೇ ಇರುತ್ತದೆ. ಪ್ರಕಾಶಕರಿಗೂ ಗೊಂದಲ ಇದೆ. ಸಾರಾ ಜೆ. ಮಾಸ್ ಅವರ 'ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್' 2015ರಲ್ಲಿ ಬಂದಾಗ ಹದಿಹರೆಯದವರ ಕಪಾಟಿನಲ್ಲಿತ್ತು. 2020ರಲ್ಲಿ ಹೊಸ ಮುಖಪುಟ ಹಾಕಿ ದೊಡ್ಡವರ ಕಪಾಟಿಗೆ ಸಾಗಿಸಿದರು. ಒಳಗಿನ ಕಥೆ ಅದೇ!

ಹಾಗಾದರೆ ನೋಡುವುದು ಎಲ್ಲಿ? ಕರ್ಕಸ್ ಅನ್ನುವ ಅಮೆರಿಕದ ವಿಮರ್ಶಾ ಪತ್ರಿಕೆ ಮಕ್ಕಳ ಮತ್ತು ವೈ.ಎ. ಪುಸ್ತಕಗಳ ವಿಮರ್ಶೆಯ ಕೊನೆಯಲ್ಲಿ ವಯಸ್ಸು ಹಾಕುತ್ತದೆ. ಸ್ಕೂಲ್ ಲೈಬ್ರರಿ ಜರ್ನಲ್ ಇರುವುದೇ ಶಾಲಾ ಗ್ರಂಥಪಾಲಕರಿಗಾಗಿ. ಕಾಮನ್ ಸೆನ್ಸ್ ಮೀಡಿಯಾ ತಾಣದಲ್ಲಿ ಹಿಂಸೆ ಎಷ್ಟು, ಲೈಂಗಿಕ ವಿಷಯ ಎಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ಐದು ನಿಮಿಷದ ಕೆಲಸ. ನಾನು ಮಾಡಿರಲಿಲ್ಲ.

ಇನ್ನು ರುಚಿಯ ವಿಷಯ. "ವ್ಯಾಂಪೈರ್ ಪುಸ್ತಕ" ಅಂತ ಹುಡುಕಿದರೆ ಸಾವಿರ ಬರುತ್ತವೆ. ಓದುಗರು ಹುಡುಕುವುದು ಟ್ರೋಪ್ ಹಿಡಿದು. ಟ್ರೋಪ್ ಅಂದರೆ ಮತ್ತೆ ಮತ್ತೆ ಬರುವ ಕಥೆಯ ಎಳೆ. ನಮ್ಮ ಸಿನಿಮಾದಲ್ಲಿ ಕಳೆದುಹೋದ ಅಣ್ಣತಮ್ಮ ಕೊನೆಗೆ ಸಿಗುತ್ತಾರಲ್ಲ, ಆ ತರ. ಎನಿಮೀಸ್ ಟು ಲವರ್ಸ್ ಅಂದರೆ ಶುರುವಿಗೆ ಜಗಳ, ಕೊನೆಗೆ ಪ್ರೀತಿ. ಸ್ಲೋ ಬರ್ನ್ ಅಂದರೆ ಕೈ ಹಿಡಿಯಲು ಮುನ್ನೂರು ಪುಟ. ಫೇಟೆಡ್ ಮೇಟ್ಸ್ ಅಂದರೆ ವಿಧಿಯೇ ಜೋಡಿ ಮಾಡಿಟ್ಟಿದೆ, ತೋಳದ ಕಥೆಗಳಲ್ಲಿ ಇದು ಜಾಸ್ತಿ. ಇನ್‌ಸ್ಟಾ ಲವ್ (ಇನ್‌ಸ್ಟಾಗ್ರಾಂ ಅಲ್ಲ, ಇನ್‌ಸ್ಟಂಟ್) ಅನ್ನುವುದು ಹೆಚ್ಚಾಗಿ ಬೈಗುಳ, ಕಂಡ ಕೂಡಲೇ ಪ್ರಾಣ ಕೊಡಲು ಸಿದ್ಧರಾಗುವವರಿಗೆ ಹೇಳುವುದು. ನಿಮ್ಮ ಹುಡುಗಿಗೆ ಯಾವ ಎಳೆ ಇಷ್ಟ ಅಂತ ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ಓದುಗರೇ ಪುಸ್ತಕಗಳ ಬಗ್ಗೆ ಬರೆದು ನಕ್ಷತ್ರ ಕೊಡುವ ಗುಡ್‌ರೀಡ್ಸ್ ತಾಣ 2007ರಲ್ಲಿ ಶುರುವಾಗಿ 2013ರಿಂದ ಅಮೆಜಾನ್ ಕೈಯಲ್ಲಿದೆ. ಓದುಗರು ಮಾಡಿದ ಪಟ್ಟಿಗಳಿಗೆ ಅದು ಒಳ್ಳೆಯದು. ಪುಸ್ತಕದ ಗತಿ ನಿಧಾನವೋ ಬಿರುಸೋ, ಭಾವ ಕತ್ತಲೆಯದೋ ಹಗುರವೋ, ಮನಸ್ಸಿಗೆ ಕಷ್ಟ ಕೊಡುವ ವಿಷಯ ಏನಿದೆ ಅಂತೆಲ್ಲ ಜರಡಿ ಹಿಡಿಯಬೇಕಾದರೆ ಸ್ಟೋರಿಗ್ರಾಫ್ ಅನ್ನುವ ಇನ್ನೊಂದು ತಾಣ ಇದೆ. ಅಮೆರಿಕದಲ್ಲಿ ಹೊಸ ಪುಸ್ತಕ ಸಾಮಾನ್ಯವಾಗಿ ಮಂಗಳವಾರ ಬಿಡುಗಡೆ ಆಗುತ್ತವೆ, ಹಾಗಾಗಿ ನಮ್ಮ ಬುಧವಾರ ಬೆಳಿಗ್ಗೆ ಫೋನ್ ತುಂಬ ಅದೇ ಸುದ್ದಿ. ಅಲ್ಲಿರುವ ಕನ್ನಡದ ಮನೆಗಳಿಗೆ ಲೈಬ್ರರಿ ಕಾರ್ಡ್ ಇದ್ದರೆ ಲಿಬ್ಬಿ ಆ್ಯಪ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಇಲ್ಲಿ ನಾವು ಕಿಂಡಲ್ ಸ್ಯಾಂಪಲ್ ಓದಿ ನೋಡಬಹುದು. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಿವೆ, 2009ರ ಅಲೆಯೆಲ್ಲ ಅರ್ಧ ಬೆಲೆಗೆ ಅಲ್ಲಿ ಬಂದು ಕೂತಿದೆ.

ಪುಕ್ಕಟೆ ಪ್ರತಿಯ ಲೆಕ್ಕಾಚಾರ

ಪುಸ್ತಕ ಹೊರಬರುವ ಮೊದಲೇ ಅದರ ಬಗ್ಗೆ ನೂರಾರು ಜನ ಬರೆದಿರುತ್ತಾರೆ. ಅವರಿಗೆ ಸಿಕ್ಕಿದ್ದು ಎಲ್ಲಿಂದ? ಅದಕ್ಕೆ ಎ.ಆರ್.ಸಿ. ಅನ್ನುತ್ತಾರೆ, ಅಂದರೆ ಓದಿ ಬರೆಯಲಿ ಅಂತ ಪ್ರಕಾಶಕರು ಮುಂಚೆಯೇ ಕೊಡುವ ಪ್ರತಿ. ಮದುವೆ ಅಡುಗೆ ಬಡಿಸುವ ಮೊದಲು ಉಪ್ಪು ಖಾರ ನೋಡಲು ಒಬ್ಬರಿಗೆ ಕೊಡುತ್ತಾರಲ್ಲ, ಹಾಗೆ. ಈಗ ಬಹುಪಾಲು ನೆಟ್‌ಗ್ಯಾಲಿಯಂಥ ತಾಣಗಳಲ್ಲಿ ಇ-ಬುಕ್ ಆಗಿ ಸಿಗುತ್ತದೆ. ಅರ್ಜಿ ಹಾಕಬೇಕು, ಪ್ರಕಾಶಕರು ಒಪ್ಪಿದರೆ ಬರುತ್ತದೆ. ತೆಗೆದುಕೊಂಡದ್ದರಲ್ಲಿ 80 ಶೇಕಡಾಕ್ಕಾದರೂ ಅಭಿಪ್ರಾಯ ಬರೆಯಿರಿ ಅಂತ ನೆಟ್‌ಗ್ಯಾಲಿ ಹೇಳುತ್ತದೆ. ಆಸೆಗೆ ಬಿದ್ದು ಇಪ್ಪತ್ತು ಪುಸ್ತಕ ಕೇಳಿ ಮೂರೇ ಓದಿದರೆ ಮುಂದಿನ ಸಲ ಸಿಗುವುದು ಕಷ್ಟ.

ಆ ಪ್ರತಿಯಲ್ಲಿ ತಪ್ಪುಗಳಿರುತ್ತವೆ, ಸಾಲುಗಳು ಆಮೇಲೆ ಬದಲಾಗಬಹುದು. ಆದ್ದರಿಂದ ಅಚ್ಚಾದ ಪುಸ್ತಕ ನೋಡದೆ ಅದರ ಸಾಲನ್ನು ಉದ್ಧರಿಸಬಾರದು, ಕಾಗುಣಿತ ಹಿಡಿದು ಬೈಯಲೂ ಬಾರದು. ಪುಕ್ಕಟೆ ಸಿಕ್ಕಿದ್ದು ಅಂತ ಓದುಗರಿಗೆ ಹೇಳಲೇಬೇಕು. ಅಮೆರಿಕದಲ್ಲಿ 2009ರಿಂದ ಸರ್ಕಾರದ ಮಾರ್ಗಸೂಚಿಯೇ ಇದೆ. ನಮ್ಮಲ್ಲೂ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ನಿಯಮ ಮಾಡಿದೆ, ಪುಕ್ಕಟೆ ವಸ್ತು ಪಡೆಯುವುದೂ ಅದರ ಲೆಕ್ಕಕ್ಕೆ ಬರುತ್ತದೆ. "ಪ್ರಕಾಶಕರು ಕೊಟ್ಟ ಪ್ರತಿ" ಅಂತ ಒಂದು ಸಾಲು ಹಾಕಲು ಏನು ಕಷ್ಟ?

ಬರೆಯುವಾಗ ಏನು ನೋಡಬೇಕು

"ಸೂಪರ್, ಅತ್ತುಬಿಟ್ಟೆ, ಓದಲೇಬೇಕು" ಅಂದರೆ ನೀವು ಅತ್ತದ್ದು ಗೊತ್ತಾಯಿತು, ಪುಸ್ತಕ ಗೊತ್ತಾಗಲಿಲ್ಲ. ಓದುವವರಿಗೆ ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಇದು ನನಗೆ ಹೊಂದುತ್ತದಾ?

ಈ ಬಗೆಯ ಕಾದಂಬರಿಗೆ ನಾನು ಮೊದಲು ನೋಡುವುದು ಮಾಯೆಯ ನಿಯಮ. ಪವಾಡಕ್ಕೂ ಕಾಯಿದೆ ಇರಬೇಕು. ಕಬಡ್ಡಿಯಲ್ಲಿ ಗೆರೆ ದಾಟಿದರೆ ಔಟ್ ಅಂತ ಗೊತ್ತಿದ್ದರೆ ತಾನೇ ಉಸಿರು ಬಿಗಿಹಿಡಿದು ನೋಡುವುದು? ಸ್ಟೀಫ್‌ವೇಟರ್ ಅವರ 'ಶಿವರ್' ಕಾದಂಬರಿಯಲ್ಲಿ ಹುಣ್ಣಿಮೆ ಲೆಕ್ಕಕ್ಕೇ ಇಲ್ಲ, ಅಲ್ಲಿ ತೋಳವಾಗುವುದು ಚಳಿಗೆ. ಬೇಸಿಗೆಯಲ್ಲಿ ಮನುಷ್ಯ, ಚಳಿಗಾಲದಲ್ಲಿ ತೋಳ, ವರ್ಷ ಕಳೆದಂತೆ ಮನುಷ್ಯನಾಗಿ ಉಳಿಯುವ ಕಾಲ ಕಮ್ಮಿಯಾಗಿ ಒಂದು ದಿನ ವಾಪಸು ಬರುವುದೇ ಇಲ್ಲ. ಇಷ್ಟು ಹೇಳಿದ ಮೇಲೆ ಲೇಖಕಿ ನಮ್ಮನ್ನು ಹೆದರಿಸಲು ರಾಕ್ಷಸರನ್ನು ಕರೆಯಬೇಕಿಲ್ಲ. ಥರ್ಮಾಮೀಟರ್ ಸಾಕು. ತೆರೆದ ಕಿಟಕಿಯೂ ಭಯ ಹುಟ್ಟಿಸುತ್ತದೆ. ಕೊನೆಯಲ್ಲಿ ನಿಯಮವನ್ನು ಲೇಖಕರೇ ಸದ್ದಿಲ್ಲದೆ ಮುರಿದರಾ, ಇಲ್ಲ ಅದರೊಳಗೇ ದಾರಿ ಹುಡುಕಿದರಾ ಅನ್ನುವುದನ್ನು ವಿಮರ್ಶೆಯಲ್ಲಿ ಹೇಳಬೇಕು, ಹೇಗೆ ಅಂತ ಬಿಟ್ಟುಕೊಡದೆ.

ಎರಡನೆಯದು ಇಬ್ಬರ ನಡುವಿನ ಬಲದ ತೂಕ. 'ಟ್ವೈಲೈಟ್'ನ ಬೆಲ್ಲಾಗೆ ಹದಿನೇಳು. ಅವಳು ಪ್ರೀತಿಸುವ ವ್ಯಾಂಪೈರ್ ಎಡ್ವರ್ಡ್ ನೋಡಲು ಹದಿನೇಳು, ಆದರೆ ಹುಟ್ಟಿದ್ದು 1901ರಲ್ಲಿ. ಅವನಿಗೆ ಎಲ್ಲರ ಮನಸ್ಸು ಓದಲು ಬರುತ್ತದೆ, ಇವಳದೊಂದನ್ನು ಬಿಟ್ಟು. ಇದು ಚಂದದ ಉಪಾಯ, ಯಾಕೆಂದರೆ ಅಷ್ಟರಮಟ್ಟಿಗೆ ತೂಕ ಅವಳ ಕಡೆ ವಾಲುತ್ತದೆ. ಅದೇ ಎಡ್ವರ್ಡ್ ಅವಳು ಮಲಗಿದಾಗ ಹೇಳದೆ ಕೇಳದೆ ಕೋಣೆಗೆ ಬಂದು ನೋಡುತ್ತಾ ಕೂರುತ್ತಾನೆ. ಕೆಲವರಿಗೆ ಅದು ಪ್ರೀತಿ, ಕೆಲವರಿಗೆ ಪೊಲೀಸರಿಗೆ ಹೇಳಬೇಕಾದ ವಿಷಯ. ನೀವು ತೀರ್ಪು ಕೊಡಿ, ಬಿಡಿ. ಆದರೆ ಪುಸ್ತಕದಲ್ಲಿ ಅದು ಇದೆ ಅನ್ನುವುದನ್ನು, ಪುಸ್ತಕ ಅದನ್ನು ಪ್ರಶ್ನಿಸುತ್ತದಾ ಮೆಚ್ಚುತ್ತದಾ ಅನ್ನುವುದನ್ನು ಬರೆಯಿರಿ. ನಾಯಕಿಗೆ ಪ್ರೀತಿ ಬಿಟ್ಟು ಬೇರೆ ಕೆಲಸ ಇದೆಯಾ, ಗೆಳತಿಯರಿದ್ದಾರಾ ಅಂತಲೂ ನೋಡಿ.

ಕಥೆ ಎಷ್ಟು ಹೇಳಬೇಕು? ಹಿಂಬದಿ ರಕ್ಷಾಪುಟ ಹೇಳಿದಷ್ಟು, ಅದಕ್ಕಿಂತ ಜಾಸ್ತಿ ಬೇಡ. ಸಾವು, ಆತ್ಮಹತ್ಯೆ, ಹಿಂಸೆ ಇದ್ದರೆ ಮೊದಲೇ ಒಂದು ಸಾಲು ಎಚ್ಚರಿಕೆ ಹಾಕಿ, ಅದು ಗುಟ್ಟು ಬಿಟ್ಟಂತೆ ಆಗುವುದಿಲ್ಲ. ಒಂದೇ ಪುಸ್ತಕವೋ ಸರಣಿಯೋ, ಕೊನೆಯಲ್ಲಿ ನಡುನೀರಿನಲ್ಲಿ ಕೈಬಿಡುತ್ತಾರೋ ಅನ್ನುವುದನ್ನಂತೂ ದಯವಿಟ್ಟು ಬರೆಯಿರಿ. ಅರ್ಧಕ್ಕೇ ಬಿಟ್ಟಿದ್ದರೆ ಎಲ್ಲಿ ಬಿಟ್ಟಿರಿ, ಯಾಕೆ ಅಂತ ಹೇಳಿದರೂ ಸಾಕು. ಅದಕ್ಕೆ ಡಿ.ಎನ್.ಎಫ್. (ಡಿಡ್ ನಾಟ್ ಫಿನಿಶ್) ಅನ್ನುತ್ತಾರೆ, ನಾಚಿಕೆ ಪಡುವಂಥದ್ದೇನಲ್ಲ.

ನಕ್ಷತ್ರ ನೋಡುವಾಗ

ಓದುಗರು ಐದಕ್ಕೆ ಇಷ್ಟು ಅಂತ ಪುಸ್ತಕಕ್ಕೆ ಕೊಡುವ ನಕ್ಷತ್ರಗಳನ್ನು ನಂಬುವ ಮೊದಲು ಸ್ವಲ್ಪ ತಡೆಯಿರಿ. ಪುಸ್ತಕ ಇನ್ನೂ ಅಚ್ಚಾಗುವ ಮೊದಲೇ ಗುಡ್‌ರೀಡ್ಸ್‌ನಲ್ಲಿ ಯಾರು ಬೇಕಾದರೂ ನಕ್ಷತ್ರ ಕೊಡಬಹುದಿತ್ತು. 2023ರ ಡಿಸೆಂಬರ್‌ನಲ್ಲಿ, ಮೊದಲ ಪುಸ್ತಕ ಬರಬೇಕಿದ್ದ ಅಮೆರಿಕದ ಲೇಖಕರೊಬ್ಬರು ಸುಳ್ಳು ಖಾತೆಗಳನ್ನು ತೆರೆದು ತಮ್ಮ ಓರಗೆಯ ಹೊಸ ಲೇಖಕರಿಗೆ ಒಂದೊಂದೇ ನಕ್ಷತ್ರ ಒತ್ತಿದ್ದು ಬಯಲಾಯಿತು. ಪ್ರಕಾಶಕರು ಅವರ ಪುಸ್ತಕವನ್ನೇ ಕೈಬಿಟ್ಟರು. ಹೊಗಳಿಕೆಯಲ್ಲೂ ಇದೇ ಆಟ ನಡೆಯುತ್ತದೆ. ನಾನು ಓದುವುದು ಮೂರು ನಕ್ಷತ್ರದವರನ್ನು. ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಎರಡನ್ನೂ ಹೇಳುವವರು ಅವರೇ.

ಅಕ್ಕನ ಮಗಳಿಗೆ ಕೊನೆಗೆ 'ಶಿವರ್' ಕೊಟ್ಟೆ. ಹಳೇದು ಅಂತ ಮೂಗು ಮುರಿದಳು. ನಾಲ್ಕನೇ ದಿನ ವಾಟ್ಸಾಪ್‌ನಲ್ಲಿ ವಿಮರ್ಶೆ ಬಂತು: "ಹುಡುಗ ಓಕೆ. ಹಾಡು ಕವಿತೆ ಅಂತ ಜಾಸ್ತಿ ಕೊರೆಯುತ್ತಾನೆ. ಚಳಿ ಮಾತ್ರ ನಿಜವಾಗ್ಲೂ ಭಯ ಆಯ್ತು, ಫ್ಯಾನ್ ಆಫ್ ಮಾಡಿಕೊಂಡು ಓದಿದೆ. ಎರಡನೇ ಭಾಗ ಇದೆ ಅಂತ ಯಾಕೆ ಹೇಳಲಿಲ್ಲ ನೀನು?"